ಡೋನಟ್ಟಿನ ಮೇಲಣ ವೆನಿಲಾ ಲೇಪ

ಮನೆಯಲ್ಲಿ ಮಾಡಿದ ಡೋನಟ್ಟು ಅಂಗಡಿಯದಕ್ಕೆ ಸೋಲುವುದು ಹಿಟ್ಟಿನಲ್ಲಲ್ಲ, ಕರಿಯುವ ಹದದಲ್ಲಿಯೂ ಅಲ್ಲ. ಅದರ ಮೇಲಣ ಸಕ್ಕರೆಯ ಲೇಪದಲ್ಲಿ. ಹಿಟ್ಟನ್ನು ನಾದಿ ಉಬ್ಬಿಸಿ, ಬಳೆಯ ಆಕಾರಕ್ಕೆ ಕತ್ತರಿಸಿ, ಹೊಂಬಣ್ಣ ಬರುವಂತೆ ಕರಿದು ತೆಗೆಯುವವರೆಗೆ ನಮ್ಮ ಗೃಹಿಣಿಯರ ಕೈ ಎಲ್ಲಿಯೂ ತಡವರಿಸುವುದಿಲ್ಲ. ಕಜ್ಜಾಯ ಬಾದುಷಾಗಳನ್ನು ಕರಿದು ಪಳಗಿದ ಕೈ ಅದು. ಆ ತರುವಾಯ ಸಕ್ಕರೆಯ ಪುಡಿಯನ್ನೂ ಹಾಲನ್ನೂ ಕಲಸಿ ಮೇಲೆ ಸುರಿದರೆ, ಅದು ತಟ್ಟೆಗೆ ಹರಿದು ಮಡುಗಟ್ಟುವುದು. ಇಲ್ಲವೆ ಸುಣ್ಣ ಬಳಿದ ಹಳೆಯ ಗೋಡೆಯಂತೆ ಬಿರಿದು ಉದುರುವುದು. ಇಲ್ಲವೆ ಹಲ್ಲಿಗೆ ಮರಳಿನಂತೆ ಸಿಕ್ಕುವುದು. ಈ ಮೂರು ದೋಷಗಳಿಗೂ ಕಾರಣವುಂಟು, ಪರಿಹಾರವೂ ಉಂಟು. ಅವನ್ನು ನಮ್ಮ ವಾಚಕರ ಮುಂದಿಡುವುದಕ್ಕಾಗಿಯೇ ಈ ಲೇಖನ.

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳ ಬಾಯಲ್ಲಿ ಶಬ್ದರೂಪಗಳನ್ನು ಹೇಳಿಸಿದ ಉಪಾಧ್ಯಾಯರಿಗೆ ಈ ವಿಷಯದಲ್ಲಿ ಅಧಿಕಾರವೆಲ್ಲಿಂದ ಬಂತೆಂದು ಕೆಲವರು ಕೇಳಬಹುದು. ನಿವೃತ್ತರಾದ ಮೇಲೆ ನಮ್ಮ ಮನೆಯ ಅಡುಗೆಮನೆಯೇ ನಮಗೆ ಪಾಠಶಾಲೆಯಾಗಿದೆ. ನಮ್ಮ ಸೊಸೆಯು ಒಲೆಯ ಮುಂದೆ ನಿಂತರೆ ನಾವು ತಕ್ಕಡಿಯನ್ನೂ ಗಡಿಯಾರವನ್ನೂ ಹಿಡಿದು ಪಕ್ಕದಲ್ಲಿ ಕೂಡುವೆವು, ಮೊಮ್ಮಕ್ಕಳು ಪರೀಕ್ಷಕರು. ವ್ಯಾಕರಣದಲ್ಲಿ ಹೇಗೋ ಹಾಗೆಯೇ ಪಾಕದಲ್ಲಿಯೂ ಸೂತ್ರವನ್ನು ಬಲ್ಲವನಿಗೆ ಪ್ರಯೋಗ ಸುಲಭ.

ಡೋನಟ್ಟು ಅಮೆರಿಕದ ತಿಂಡಿ. ಅದರ ಪೂರ್ವಜರು ಹಾಲೆಂಡಿನವರು. ಇಂದಿನ ನ್ಯೂಯಾರ್ಕ್ ಪ್ರಾಂತದಲ್ಲಿ ನೆಲಸಿದ ಡಚ್ಚರು ‘ಓಲಿಕುಕ್’, ಎಂದರೆ ಎಣ್ಣೆಯ ಕೇಕು, ಎಂಬ ಭಕ್ಷ್ಯವನ್ನು ತಮ್ಮೊಡನೆ ತಂದರು. ವಾಷಿಂಗ್ಟನ್ ಇರ್ವಿಂಗನು ೧೮೦೯ರಲ್ಲಿ ಪ್ರಕಟಿಸಿದ ನ್ಯೂಯಾರ್ಕಿನ ವಿನೋದ ಚರಿತ್ರೆಯಲ್ಲಿ ಈ ಹೆಸರೂ ಡೋನಟ್ಟೆಂಬ ಹೆಸರೂ ಜೊತೆಯಾಗಿಯೇ ಬರುತ್ತವೆ. ಆಗ ಅದು ಬಳೆಯಲ್ಲ, ಉಂಡೆ; ಕರಿಯುತ್ತಿದ್ದುದು ಹಂದಿಯ ಕೊಬ್ಬಿನಲ್ಲಿ. ನಡುವೆ ತೂತನ್ನು ಮಾಡಿದವನು ತಾನೆಂದು ಮೇಯ್ನ್ ಪ್ರಾಂತದ ಹ್ಯಾನ್ಸನ್ ಗ್ರೆಗೊರಿಯೆಂಬ ನಾವಿಕನು ತನ್ನ ಮುಪ್ಪಿನಲ್ಲಿ ಪತ್ರಿಕೆಯವರಿಗೆ ಹೇಳಿದನು. ೧೮೪೭ರಲ್ಲಿ, ಹದಿನಾರರ ಹರೆಯದಲ್ಲಿ, ಹಡಗಿನ ಮೆಣಸಿನ ಡಬ್ಬಿಯ ಮುಚ್ಚಳದಿಂದ ತಾನು ಹಿಟ್ಟಿನ ನಡುಭಾಗವನ್ನು ಕತ್ತರಿಸಿ ತೆಗೆದೆನೆಂದು ಅವನ ಹೇಳಿಕೆ. ಅಂಚು ಬೆಂದರೂ ನಡುವು ಹಸಿಯಾಗಿಯೇ ಉಳಿಯುತ್ತಿದ್ದುದು ಅವನಿಗೆ ಸಹಿಸಲಿಲ್ಲವಂತೆ. ಉದ್ದಿನ ವಡೆಗೆ ಹೆಬ್ಬೆರಳಿನಿಂದ ತೂತು ಮಾಡುವ ನಮ್ಮ ಅಜ್ಜಿಯರು ಈ ಯುಕ್ತಿಗಾಗಿ ಯಾವ ಪತ್ರಿಕೆಗೂ ಹೇಳಿಕೆ ಕೊಟ್ಟವರಲ್ಲ! ಮುಂದೆ ೧೯೧೭ರಲ್ಲಿ, ಮೊದಲನೆಯ ಮಹಾಯುದ್ಧದ ಕಾಲಕ್ಕೆ, ಸಾಲ್ವೇಶನ್ ಆರ್ಮಿಯ ಮಹಿಳೆಯರು ಫ್ರಾನ್ಸಿನ ರಣರಂಗದ ಹಿಂದೆ ನಿಂತು ಸೈನಿಕರಿಗೆ ಡೋನಟ್ಟುಗಳನ್ನು ಕರಿದುಕೊಟ್ಟರು. ಅವರ ಸ್ಮರಣೆಗಾಗಿ ೧೯೩೮ರಿಂದ ಜೂನ್ ತಿಂಗಳ ಮೊದಲ ಶುಕ್ರವಾರವನ್ನು ಅಲ್ಲಿ ಡೋನಟ್ಟಿನ ದಿನವೆಂದು ಆಚರಿಸುತ್ತಾರೆ.

ಈಗ ಲೇಪಕ್ಕೆ ಬರೋಣ. ಇದಕ್ಕೆ ಆಂಗ್ಲಭಾಷೆಯಲ್ಲಿ ‘ಗ್ಲೇಜ್’ ಎಂದು ಹೆಸರು. ಗಾಜನ್ನು ಹೇಳುವ ‘ಗ್ಲಾಸ್’ ಶಬ್ದದ ಒಡಹುಟ್ಟಿದುದು. ಗಾಜಿನ ತೆಳುಪದರದಂತೆ ಹೊಳೆಯುತ್ತ, ಒಳಗಣ ಹೊಂಬಣ್ಣವನ್ನು ಮಸಕಾಗಿ ತೋರಿಸುತ್ತ, ಹಲ್ಲು ತಾಗಿದೊಡನೆ ಸಣ್ಣಗೆ ಸಿಡಿದು ನಾಲಗೆಯಲ್ಲಿ ಕರಗುವುದೇ ಅದರ ಲಕ್ಷಣವೆಂಬುದು ಹೆಸರಿನಿಂದಲೇ ತಿಳಿಯುವುದು. ಬಿಳಿಯ ಸಕ್ಕರೆಗೆ ಸಂಸ್ಕೃತದಲ್ಲಿ ‘ಸಿತಾ’ ಎಂಬ ಹೆಸರಿರುವುದರಿಂದ ನಾವು ಮನೆಯಲ್ಲಿ ಇದನ್ನು ‘ಸಿತಾಲೇಪ’ವೆಂದು ಕರೆಯುತ್ತಿದ್ದೇವೆ, ಮೊಮ್ಮಕ್ಕಳು ಈ ಹೆಸರನ್ನು ಇನ್ನೂ ಅಂಗೀಕರಿಸಿಲ್ಲ.

ಸಕ್ಕರೆಯ ಹೆಸರಿನಲ್ಲಿ ಒಂದು ಸ್ವಾರಸ್ಯವುಂಟು. ‘ಶರ್ಕರಾ’ ಎಂದರೆ ಮೊದಲಿಗೆ ನೊರಜುಗಲ್ಲು, ಹರಳು. ಕಬ್ಬಿನ ರಸವನ್ನು ಕಾಸಿ ಹರಳುಗಟ್ಟಿಸುವ ವಿದ್ಯೆ ನಮ್ಮ ದೇಶದಲ್ಲಿ ಬೆಳೆದುದರಿಂದ ಆ ಹರಳಿಗೆ ಕಲ್ಲಿನ ಹೆಸರೇ ಬಂದಿತು. ಅದು ಪ್ರಾಕೃತದಲ್ಲಿ ‘ಸಕ್ಕರಾ’ ಆಗಿ ನಮ್ಮ ಮನೆಯ ಸಕ್ಕರೆಯಾಯಿತು. ಪಾರಸಿ ಅರಬ್ಬಿಗಳ ಮೂಲಕ ಪಶ್ಚಿಮಕ್ಕೆ ಹೋಗಿ ‘ಶುಗರ್’ ಆಯಿತು. ‘ಖಂಡ’ವು ಇದೇ ದಾರಿಯಲ್ಲಿ ನಡೆದು ‘ಕ್ಯಾಂಡಿ’ಯಾಯಿತು. ಆದಕಾರಣ ಡೋನಟ್ಟಿನ ಲೇಪವನ್ನು ಮಾಡುವವರ ಕರ್ತವ್ಯವೇನೆಂದು ಒಂದೇ ಮಾತಿನಲ್ಲಿ ಹೇಳುವುದಾದರೆ, ಶರ್ಕರೆಯನ್ನು ಉಳಿಸಿಕೊಂಡು ಅದರ ಕಲ್ಲುತನವನ್ನು ಮಾತ್ರ ಕಳೆಯುವುದು. ಹಲ್ಲಿಗೆ ಮರಳು ಸಿಕ್ಕಿತೆಂದರೆ ಶಬ್ದಾರ್ಥವು ಹಿಂದಿರುಗಿ ಬಂದಿತೆಂದೇ ತಿಳಿಯಬೇಕು.

ಇದಕ್ಕೆ ಸಕ್ಕರೆಯು ಅಂಜನದಷ್ಟು ನುಣುಪಾಗಿರತಕ್ಕದ್ದು. ಅಂಗಡಿಯಲ್ಲಿ ‘ಐಸಿಂಗ್ ಶುಗರ್’ ಎಂದು ಕೇಳಿದರೆ ದೊರೆಯುವುದು. ಅದರಲ್ಲಿ ಗಂಟುಕಟ್ಟದಿರಲೆಂದು ನೂರಕ್ಕೆ ಸುಮಾರು ೩ ಭಾಗ ಜೋಳದ ಪಿಷ್ಟವನ್ನು, ಎಂದರೆ ಕಾರ್ನ್ ಫ್ಲೋರನ್ನು, ಸೇರಿಸಿರುತ್ತಾರೆ. ಮನೆಯಲ್ಲಿಯೇ ಮಾಡಿಕೊಳ್ಳುವುದಾದರೆ ೨೪೦ ಗ್ರಾಂ ಸಕ್ಕರೆಗೆ ಒಂದು ದೊಡ್ಡ ಚಮಚ ಕಾರ್ನ್ ಫ್ಲೋರ್ ಸೇರಿಸಿ, ಚೆನ್ನಾಗಿ ಒಣಗಿದ ಮಿಕ್ಸಿಯಲ್ಲಿ ಎರಡು ಮೂರು ಸಲ ಬಿಟ್ಟುಬಿಟ್ಟು ತಿರುವಿ, ಪುಡಿ ತಣ್ಣಗಾದ ಮೇಲೆ ತೆಳುವಾದ ಬಟ್ಟೆಯಲ್ಲಿ ಸೋಸಬೇಕು. ವೈದ್ಯರು ಚೂರ್ಣಗಳಿಗೆ ವಸ್ತ್ರಗಾಲಿತವೆಂದು ಹೇಳುವರಲ್ಲವೆ, ಅದೇ ಕ್ರಮ. ಹಿಟ್ಟಿನ ಜರಡಿ ಸಾಲದು. ಬಟ್ಟೆಯಲ್ಲಿ ಸೋಸಿದ ತರುವಾಯ ಉಳಿಯುವ ತರಿಯನ್ನು ಕಾಫಿಗೆ ಹಾಕಿಕೊಂಡರಾಯಿತು.

ಒಂದು ಡಜನ್ ಡೋನಟ್ಟುಗಳಿಗೆ ಬೇಕಾದುದು ಇಷ್ಟೇ: ನುಣ್ಣನೆಯ ಸಕ್ಕರೆ ಪುಡಿ ೨೪೦ ಗ್ರಾಂ, ಕಾಯಿಸಿದ ಗಟ್ಟಿ ಹಾಲು ೪೫ರಿಂದ ೬೦ ಮಿಲಿಲೀಟರ್, ಎಂದರೆ ಮೂರರಿಂದ ನಾಲ್ಕು ದೊಡ್ಡ ಚಮಚ, ವೆನಿಲಾ ಸಾರ ಒಂದು ಸಣ್ಣ ಚಮಚ, ಉಪ್ಪು ಒಂದು ಚಿಟಿಕೆ. ಉಪ್ಪನ್ನು ಬಿಡಕೂಡದು, ಅತಿಮಾಧುರ್ಯದ ಮೊಂಡುತನವನ್ನು ಮುರಿಯುವುದು ಅದೊಂದೇ. ಮೊದಲು ಹಾಲನ್ನು ಬೆರಳು ತಾಳುವಷ್ಟು ಬೆಚ್ಚಗೆ ಮಾಡಿ, ಅದಕ್ಕೆ ವೆನಿಲಾವನ್ನೂ ಉಪ್ಪನ್ನೂ ಕಲಸಿ, ಅನಂತರ ಸಕ್ಕರೆಯನ್ನು ಸ್ವಲ್ಪಸ್ವಲ್ಪವಾಗಿ ಉದುರಿಸುತ್ತ ಕಡೆಗೋಲಿನಿಂದಲೋ ತಂತಿಯ ಕೈಯಿಂದಲೋ ಗಂಟಿಲ್ಲದಂತೆ ಕದಡಬೇಕು. ಹಾಲನ್ನು ಒಮ್ಮೆಗೇ ಪೂರ್ತಿ ಸುರಿಯದೆ ಮೂರು ಚಮಚದಿಂದ ಪ್ರಾರಂಭಿಸಿ, ನಾಲ್ಕನೆಯದನ್ನು ಹನಿಹನಿಯಾಗಿ ಸೇರಿಸುವುದೇ ಜಾಣತನ. ಹದವು ಮಜ್ಜಿಗೆಗಿಂತ ಗಟ್ಟಿ, ದೋಸೆಯ ಹಿಟ್ಟಿಗಿಂತ ತೆಳು. ಚಮಚವನ್ನು ಮೇಲೆತ್ತಿದಾಗ ಬೀಳುವ ಎಳೆಯ ಗುರುತು ಪಾತ್ರೆಯಲ್ಲಿ ಮೂರು ನಾಲ್ಕು ಎಣಿಸುವಷ್ಟು ಹೊತ್ತು ನಿಂತು ಬಳಿಕ ಮಾಯವಾಗಬೇಕು. ಕೂಡಲೇ ಮಾಯವಾದರೆ ಸಕ್ಕರೆ ಕಡಮೆ. ಮಾಯವಾಗದೆಯೇ ನಿಂತರೆ ಹಾಲು ಕಡಮೆ.

ಬಾದುಷಾಕ್ಕೆ ಮಾಡುವಂತೆ ಒಂದೆಳೆ ಪಾಕವನ್ನು ಕಾಯಿಸಿ ಇದಕ್ಕೂ ಹಾಕಬಾರದೇಕೆಂದು ಹಲವರು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ಬಾದುಷಾ ಬೆಣ್ಣೆಯಲ್ಲಿ ಕಲಸಿದ ಪದರುಪದರಾದ ಭಕ್ಷ್ಯ. ಪಾಕ ಒಳಗಿಳಿದಷ್ಟೂ ಅದಕ್ಕೆ ಶೋಭೆ. ಡೋನಟ್ಟಾದರೋ ಗಾಳಿ ತುಂಬಿದ ಅರಳೆಯಂತಹ ರೊಟ್ಟಿ. ಪಾಕವನ್ನು ಕಂಡರೆ ಸ್ಪಂಜಿನಂತೆ ಹೀರಿ ಒದ್ದೆಯಾಗಿ ಕುಳಿತುಬಿಡುವುದು. ಆದುದರಿಂದ ಇಲ್ಲಿ ಬೇಕಾದುದು ನೀರು ಅತ್ಯಲ್ಪವಾಗಿರುವ ಲೇಪ. ಲೆಕ್ಕವನ್ನು ನೋಡಿರಿ. ಸಾಮಾನ್ಯ ಉಷ್ಣತೆಯಲ್ಲಿ ಒಂದು ಭಾಗ ನೀರು ಸುಮಾರು ಎರಡು ಭಾಗ ಸಕ್ಕರೆಯನ್ನು ಕರಗಿಸಬಲ್ಲುದು. ೬೦ ಮಿಲಿಲೀಟರ್ ಹಾಲಿನಲ್ಲಿ ನೀರಿನ ಅಂಶ ೫೦ ಗ್ರಾಮಿಗೆ ಕೊಂಚ ಹೆಚ್ಚು. ಅದರಲ್ಲಿ ಕರಗುವ ಸಕ್ಕರೆ ೧೦೦ ಗ್ರಾಮಿನ ಆಸುಪಾಸು. ನಾವು ಹಾಕಿದ್ದು ೨೪೦. ಮಿಕ್ಕುದೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಾಗಿ ಆ ಪಾನಕದಲ್ಲಿ ತೇಲುತ್ತಿರುವುದು. ಲೇಪದ ಬಿಳುಪಿಗೆ ಅದೇ ಕಾರಣ. ಬಿಸಿ ಡೋನಟ್ಟಿಗೆ ತಾಗಿದಾಗ ಆ ಹರಳುಗಳಲ್ಲಿ ಇನ್ನಷ್ಟು ಕರಗಿ ಲೇಪವು ತೆಳುವಾಗಿ, ಪಾರದರ್ಶಕವಾಗಿ ಹರಡಿಕೊಳ್ಳುವುದು. ತಣಿಯುತ್ತ ನೀರು ಆರುತ್ತ ಬಂದ ಹಾಗೆ ಕರಗಿದುದು ಪುನಃ ಸೂಕ್ಷ್ಮವಾದ ಹರಳಾಗಿ ಹೆಣೆದುಕೊಂಡು ಚಿಪ್ಪು ಕಟ್ಟುವುದು. ಪುಡಿ ತರಿಯಾಗಿದ್ದರೆ ಆ ತರಿಯ ಸುತ್ತಲೇ ಹರಳು ಬೆಳೆದು ದಪ್ಪಗಾಗುತ್ತದೆ. ವಸ್ತ್ರಗಾಲಿತಕ್ಕೆ ನಾವು ಹಟ ಹಿಡಿಯುವುದು ಇದಕ್ಕಾಗಿ.

ಹಾಲಿನ ಬದಲು ನೀರನ್ನು ಹಾಕಿದರೆ ಹೊಳಪು ಹೆಚ್ಚು, ರುಚಿ ಕಡಮೆ. ಒಂದು ದೊಡ್ಡ ಚಮಚ ಕರಗಿದ ಬೆಣ್ಣೆಯನ್ನು ಸೇರಿಸಿದರೆ ಲೇಪ ಮೃದುವಾಗಿ, ಬಿರುಕು ಬಿಡದೆ ನಿಲ್ಲುತ್ತದೆ. ಆದರೆ ಗಾಜಿನ ಸಿಡಿತ ಹೋಗುತ್ತದೆ. ಎರಡೂ ಬೇಕೆಂದರೆ ಆಗದು. ನಮ್ಮ ಪಕ್ಷಪಾತ ಬೆಣ್ಣೆಯಿಲ್ಲದ ಲೇಪದ ಕಡೆಗೆ.

ಇನ್ನು ವೆನಿಲಾ. ಈ ಲೇಪದಲ್ಲಿ ಸಕ್ಕರೆ ಶರೀರವಾದರೆ ವೆನಿಲಾ ಪ್ರಾಣ. ಕೇಕಿನ ಒಳಗೆ ಹಾಕಿದ ವೆನಿಲಾ ಒಲೆಯ ಬಿಸಿಯಲ್ಲಿ ಎಷ್ಟೋ ಆರಿಹೋಗುತ್ತದೆ. ಇಲ್ಲಿ ಬೇಯಿಸುವ ಮಾತೇ ಇಲ್ಲವಾದುದರಿಂದ ಹಾಕಿದುದೆಲ್ಲ ಮೂಗಿಗೂ ನಾಲಗೆಗೂ ಸಲ್ಲುವುದು. ಒಳ್ಳೆಯದಿದ್ದರೆ ಒಳ್ಳೆಯದಾಗಿ, ಕೆಟ್ಟದಿದ್ದರೆ ಕೆಟ್ಟದಾಗಿ. ಈ ಕಾರಣದಿಂದ ಯಾವ ವೆನಿಲಾ ಎಂಬ ವಿಚಾರವನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ.

ಅಂಗಡಿಗಳಲ್ಲಿ ‘ಎಸೆನ್ಸ್’ ಎಂಬ ಹೆಸರಿನಿಂದ ಮಾರುವುದು ಸಾಮಾನ್ಯವಾಗಿ ಕೃತಕವಾದುದು. ವೆನಿಲಾ ಕೋಡಿನ ಮುಖ್ಯ ಗಂಧದ್ರವ್ಯವಾದ ವೆನಿಲಿನ್ನನ್ನು ೧೮೫೮ರಲ್ಲಿ ಗೋಬ್ಲೆಯೆಂಬ ಫ್ರೆಂಚ್ ರಸಾಯನಜ್ಞನು ಬೇರ್ಪಡಿಸಿದನು. ೧೮೭೪ರಲ್ಲಿ ಟೀಮನ್ ಮತ್ತು ಹಾರ್ಮನ್ ಎಂಬ ಜರ್ಮನರು ಪೀತದಾರು ಜಾತಿಯ ಮರದಿಂದ ದೊರೆತ ದ್ರವ್ಯದಿಂದ ಅದನ್ನು ತಯಾರಿಸಿದರು. ಇಂದು ಲೋಕದಲ್ಲಿ ಬಳಕೆಯಾಗುವ ವೆನಿಲಿನ್ನಿನ ಬಹುಪಾಲು ಕಾರ್ಖಾನೆಯದೇ. ಅದು ವಿಷವೆಂದು ಹೆದರಿಸುವವರ ಮಾತನ್ನು ನಾವು ಒಪ್ಪುವುದಿಲ್ಲ. ಕೋಡಿನಲ್ಲಿರುವ ವೆನಿಲಿನ್ನೂ ಅದೂ ಒಂದೇ ಪದಾರ್ಥ. ಆದರೆ ಕೋಡಿನಲ್ಲಿ ಅದರ ಜೊತೆಗೆ ಇನ್ನೂರಕ್ಕೂ ಮಿಕ್ಕ ಬೇರೆ ಗಂಧಗಳಿರುತ್ತವೆ. ಕೃತಕವು ಒಂಟಿ ತಂತಿಯ ಶ್ರುತಿ, ಕೋಡಿನದು ವೀಣೆ. ಎಸೆನ್ಸನ್ನೇ ಹಾಕುವವರು ಅರ್ಧ ಸಣ್ಣ ಚಮಚವನ್ನು ಮೀರಬಾರದು, ಮೀರಿದರೆ ಕಹಿ ತೋರುವುದು.

ಮತ್ತೊಂದು ಸೂಕ್ಷ್ಮವುಂಟು. ಅಮೆರಿಕದ ಕಾನೂನಿನ ಪ್ರಕಾರ ಶುದ್ಧ ವೆನಿಲಾ ಸಾರವೆಂದು ಕರೆಯಬೇಕಾದರೆ ಅದರಲ್ಲಿ ನೂರಕ್ಕೆ ೩೫ ಭಾಗಕ್ಕೆ ಕಡಮೆಯಿಲ್ಲದಂತೆ ಮದ್ಯಸಾರವಿರಬೇಕು, ಏಕೆಂದರೆ ಕೋಡಿನ ಗಂಧವನ್ನು ಸೆಳೆಯುವುದು ಅದೇ. ವಿದೇಶದಿಂದ ಬಂದ ಬಂಧುಗಳು ಪ್ರೀತಿಯಿಂದ ತಂದುಕೊಡುವ ಬಾಟಲಿ ಅಂತಹುದೇ. ನಾವು ಹೇಳಿದ ಲೇಪಕ್ಕೆ ಹಾಕುವ ೫ ಮಿಲಿಲೀಟರಿನಲ್ಲಿ ಮದ್ಯಸಾರವು ಎರಡು ಮಿಲಿಲೀಟರಿಗೂ ಕಡಮೆ, ಅದೂ ಹನ್ನೆರಡು ಡೋನಟ್ಟುಗಳಿಗೆ ಹಂಚಿಹೋಗುವುದು. ಪ್ರಮಾಣ ಅತ್ಯಲ್ಪವೆಂಬುದು ನಿಜ. ಆದರೆ ವ್ರತವು ಪ್ರಮಾಣವನ್ನು ಕೇಳುವುದಿಲ್ಲ. ಮನೆಯಲ್ಲಿ ಹಿರಿಯರಿದ್ದು ಅವರಿಗೆ ಇದು ಸಲ್ಲದೆಂದಾದರೆ, ಹೇಳದೆ ತಿನ್ನಿಸುವುದು ಸರ್ವಥಾ ಅನುಚಿತ. ಅಂತಹವರು ಕೋಡನ್ನೇ ಉಪಯೋಗಿಸಬೇಕು. ಅರ್ಧ ಕೋಡನ್ನು ಉದ್ದಕ್ಕೆ ಸೀಳಿ, ಒಳಗಣ ಕಪ್ಪು ಬೀಜವನ್ನು ಚೂರಿಯ ಬೆನ್ನಿನಿಂದ ಹೆರೆದು, ಸಿಪ್ಪೆಯನ್ನೂ ಬೀಜವನ್ನೂ ಹಾಲಿಗೆ ಹಾಕಿ ಹೊಗೆಯಾಡುವಷ್ಟು ಬಿಸಿ ಮಾಡಿ, ಮುಚ್ಚಿ ಅರ್ಧ ಗಂಟೆ ಬಿಟ್ಟರಾಯಿತು. ವೆನಿಲಾದ ಗಂಧ ತಣ್ಣೀರಿಗೆ ಬೇಗ ಇಳಿಯುವುದಿಲ್ಲ. ಬಿಸಿ ಹಾಲಿಗೂ ಅದರ ಕೊಬ್ಬಿಗೂ ಇಳಿಯುವುದು. ಸಿಪ್ಪೆಯನ್ನು ತೆಗೆದು ಹಾಲನ್ನು ಅಳೆದುಕೊಂಡು ಮೇಲೆ ಹೇಳಿದಂತೆ ಸಕ್ಕರೆ ಸೇರಿಸುವುದು. ಬಿಳಿಯ ಲೇಪದಲ್ಲಿ ಸಾಸಿವೆಗಿಂತಲೂ ಸಣ್ಣ ಕಪ್ಪು ಚುಕ್ಕೆಗಳು ಕಾಣುವುವು. ಅವು ಕಸವಲ್ಲ, ಪ್ರಮಾಣಪತ್ರ.

ಈ ಕೋಡು ಮೆಕ್ಸಿಕೋ ದೇಶದ ಕಾಡಿನ ಒಂದು ಸೀತಾಳೆ ಜಾತಿಯ ಬಳ್ಳಿಯದು. ಅಲ್ಲಿಯ ಟೊಟೊನಾಕ್ ಜನರು ಅದನ್ನು ಪುರಾತನ ಕಾಲದಿಂದ ಬಲ್ಲವರು. ಸ್ಪೇನಿನವರು ಕೋಡಿನ ಆಕಾರವನ್ನು ನೋಡಿ ‘ಪುಟ್ಟ ಒರೆ’ ಎಂಬರ್ಥದ ‘ವೈನಿಲ್ಲಾ’ ಎಂಬ ಹೆಸರಿಟ್ಟರು. ಬಳ್ಳಿಯನ್ನು ಬೇರೆ ದೇಶಗಳಿಗೆ ಒಯ್ದರೆ ಹೂವು ಬಿಡುವುದು, ಕಾಯಿ ಮಾತ್ರ ಕಟ್ಟದು. ಆ ಹೂವಿನ ಪರಾಗವನ್ನು ಮುಟ್ಟಿಸಬಲ್ಲ ಜೇನುಹುಳುಗಳು ಅಲ್ಲಿಯ ಕಾಡಿನವು. ಹೂವೋ ಒಂದು ಬೆಳಗ್ಗೆ ಅರಳಿ ಮಧ್ಯಾಹ್ನದೊಳಗೆ ಬಾಡುವುದು. ೧೮೩೬ರಲ್ಲಿ ಬೆಲ್ಜಿಯಮ್ಮಿನ ಶಾರ್ಲ್ ಮೊರೆನ್ ಎಂಬ ಪಂಡಿತನು ಕೈಯಿಂದಲೇ ಪರಾಗ ಮುಟ್ಟಿಸಿ ಕಾಯಿ ಪಡೆದನಾದರೂ ತೋಟದ ಕೆಲಸಕ್ಕೆ ಒಗ್ಗುವ ಸುಲಭವಾದ ಉಪಾಯವನ್ನು ಕಂಡುಹಿಡಿದವನು ಪಂಡಿತನಲ್ಲ. ಹಿಂದೂ ಮಹಾಸಾಗರದ ರೆಯೂನಿಯನ್ ದ್ವೀಪದಲ್ಲಿ, ೧೮೪೧ರಲ್ಲಿ, ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗನು ಒಂದು ಸಣ್ಣ ಕಡ್ಡಿಯಿಂದ ಹೂವಿನೊಳಗಣ ತೆಳುವಾದ ತೆರೆಯನ್ನು ಎತ್ತಿ ಹೆಬ್ಬೆರಳಿನಿಂದ ಪರಾಗವನ್ನು ಒತ್ತಿ ತೋರಿಸಿದನು. ಇಂದಿಗೂ ಲೋಕದಲ್ಲೆಲ್ಲ ನಡೆಯುತ್ತಿರುವುದು ಅದೇ ಕ್ರಮ. ೧೮೪೮ರಲ್ಲಿ ಗುಲಾಮಗಿರಿ ರದ್ದಾದಾಗ ಅವನಿಗೆ ಬಿಡುಗಡೆಯೂ ಆಲ್ಬಿಯಸ್ ಎಂಬ ಮನೆತನದ ಹೆಸರೂ ದೊರೆತವು, ಸಂಪತ್ತು ದೊರೆಯಲಿಲ್ಲ. ದ್ವೀಪದ ತೋಟದೊಡೆಯರು ಅವನ ಕೈಚಳಕದಿಂದ ಐಶ್ವರ್ಯವಂತರಾದರು. ಅವನು ೧೮೮೦ರಲ್ಲಿ ಬಡತನದಲ್ಲಿಯೇ ತೀರಿಕೊಂಡನು. ಪುಸ್ತಕದಲ್ಲಿ ಓದಿದ ಸಂಗತಿಗಳಲ್ಲಿ ನಮ್ಮನ್ನು ಬಹಳ ದಿನ ಬಿಡದೆ ಕಾಡಿದವುಗಳಲ್ಲಿ ಇದೊಂದು.

ಹೂವಿಗೆ ಪರಾಗ ಮುಟ್ಟಿಸಿದ ಮೇಲೆ ಕಾಯಿ ಬಲಿಯಲು ಸುಮಾರು ಒಂಬತ್ತು ತಿಂಗಳು. ಹಸಿ ಕೋಡಿಗೆ ಗಂಧವೇ ಇಲ್ಲ. ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ಬಿಸಿಲಿಗೂ ನೆರಳಿಗೂ ಹಾಕಿ, ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿಟ್ಟು ಹದಗೊಳಿಸಿದ ಮೇಲೆಯೇ ಅದು ಕಪ್ಪಗಾಗಿ ಪರಿಮಳಿಸುವುದು. ಐದಾರು ಕಿಲೋಗ್ರಾಂ ಹಸಿ ಕೋಡಿನಿಂದ ಒಂದು ಕಿಲೋಗ್ರಾಂ ಒಣ ಕೋಡು. ಬೆಲೆ ಏಕಿಷ್ಟು ಎಂದು ಅಂಗಡಿಯವನ ಮೇಲೆ ಸಿಡುಕುವ ಮೊದಲು ಇಷ್ಟನ್ನು ನೆನೆಯುವುದು ಒಳ್ಳೆಯದು.

ಈ ಬಳ್ಳಿಯ ಕಥೆ ನಮ್ಮ ನಾಡನ್ನೂ ಮುಟ್ಟಿದೆ. ೨೦೦೦ನೆಯ ಇಸವಿಯ ಏಪ್ರಿಲ್ಲಿನಲ್ಲಿ ಹುದಾ ಎಂಬ ಚಂಡಮಾರುತವು ಮಡಗಾಸ್ಕರಿನ ತೋಟಗಳನ್ನು ಹಾಳುಗೆಡವಿದ ತರುವಾಯ ಬೆಲೆ ಗಗನಕ್ಕೇರಿತು. ಉತ್ತರ ಕನ್ನಡ, ದಕ್ಷಿಣ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳ ಅಡಕೆ ಕಾಫಿ ತೋಟಗಳಲ್ಲಿ ಮರಮರಕ್ಕೂ ವೆನಿಲಾ ಹಬ್ಬಿತು. ೨೦೦೩ರ ಹೊತ್ತಿಗೆ ಹಸಿ ಕೋಡೇ ಕಿಲೋಗ್ರಾಮಿಗೆ ಮೂರು ಸಾವಿರ ರೂಪಾಯಿಯ ಆಸುಪಾಸಿಗೆ ಹೋಗಿತ್ತು. ಶಿರಸಿಯ ಕಡೆಯ ನಮ್ಮ ದಾಯಾದಿಗಳೊಬ್ಬರ ಮನೆಯಲ್ಲಿ ಆಗಿನ ಸಂಭ್ರಮವನ್ನು ನಾವು ಕಣ್ಣಾರೆ ಕಂಡೆವು. ಆ ಮನೆಯ ಯಜಮಾನಿತಿ ಬೆಳಗಿನ ಆರಕ್ಕೆ ತೆಂಗಿನ ಗರಿಯ ಕಡ್ಡಿಯನ್ನು ಹಿಡಿದು ತೋಟಕ್ಕಿಳಿದರೆ ಹನ್ನೊಂದರೊಳಗೆ ನಾಲ್ಕೈದು ನೂರು ಹೂವುಗಳನ್ನು ಮುಟ್ಟಿಸಿ ಬರುತ್ತಿದ್ದರು. ಯಜಮಾನರು ರಾತ್ರಿಯೆಲ್ಲ ಬ್ಯಾಟರಿ ಹಿಡಿದು ಕಳ್ಳರ ಕಾವಲು. ಸಾಲ ತಂದು ಇನ್ನೊಂದು ಎಕರೆಗೆ ಬಳ್ಳಿ ಹಾಕಿಸಿದರು. ಅಷ್ಟರಲ್ಲಿ ಮಡಗಾಸ್ಕರಿನ ತೋಟಗಳು ಚೇತರಿಸಿಕೊಂಡವು, ಇತರ ದೇಶಗಳ ಹೊಸ ಬೆಳೆಯೂ ಪೇಟೆಗೆ ಬಂತು, ದುಬಾರಿಗೆ ಬೇಸತ್ತ ಕಾರ್ಖಾನೆಗಳು ಕೃತಕಕ್ಕೆ ತಿರುಗಿದವು. ಎರಡು ಮೂರು ವರ್ಷಗಳೊಳಗೆ ಅದೇ ಹಸಿ ಕೋಡಿಗೆ ನೂರು ರೂಪಾಯಿ ಸಿಕ್ಕುವುದೂ ದುರ್ಲಭವಾಯಿತು. ಮೇಲೆ ಬುಡಕೊಳೆ ರೋಗ ಬೇರೆ. ಬಳ್ಳಿಗಳನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿಸುವಾಗ ಯಜಮಾನರು ಜಗಲಿಯಿಂದ ಏಳಲಿಲ್ಲವಂತೆ. ಸಾಲ ತೀರಲು ಒಂಬತ್ತು ವರ್ಷ ಹಿಡಿಯಿತು. ಬಚ್ಚಲುಮನೆಯ ಹಿಂದಿನ ಎರಡು ಬಳ್ಳಿಗಳನ್ನು ಮಾತ್ರ ಯಜಮಾನಿತಿ ಕೀಳಗೊಡಲಿಲ್ಲ. ಈಗಲೂ ವರ್ಷಕ್ಕೊಮ್ಮೆ ಹತ್ತು ಹನ್ನೆರಡು ಕೋಡುಗಳು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬರುತ್ತವೆ. ಪೇಟೆಯಲ್ಲಿ ಅವಕ್ಕೆ ಮೊದಲ ದರ್ಜೆ ಸಿಕ್ಕದು, ಒಂದೆರಡು ಸೊಟ್ಟಗಾಗಿಯೂ ಇರುತ್ತವೆ. ಗಂಧದಲ್ಲಿ ಯಾವ ಕೊರತೆಯೂ ಇಲ್ಲ. ಪರಿಚಿತರಾದ ಬೆಳೆಗಾರರಿದ್ದರೆ ನಮ್ಮ ವಾಚಕರು ಅವರಿಂದಲೇ ನಾಲ್ಕು ಕೋಡು ಕೊಳ್ಳಲೆಂದು ನಾವು ಹೇಳುವುದು ಬರಿಯ ಮರುಕದಿಂದಲ್ಲ.

ಡೋನಟ್ಟಿನ ಹಿಟ್ಟಿನ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುವೆವು, ಮೊಟ್ಟೆಯಿಲ್ಲದ ಕ್ರಮದಲ್ಲಿ. ಮೈದಾ ೪೦೦ ಗ್ರಾಂ, ಬೆಚ್ಚನೆಯ ಹಾಲು ೨೪೦ ಮಿಲಿಲೀಟರ್, ಒಣ ಯೀಸ್ಟ್ ೬ ಗ್ರಾಂ, ಸಕ್ಕರೆ ೫೦ ಗ್ರಾಂ, ಬೆಣ್ಣೆ ೫೦ ಗ್ರಾಂ, ಉಪ್ಪು ಒಂದು ಸಣ್ಣ ಚಮಚಕ್ಕೆ ಕಡಮೆ. ಹತ್ತು ನಿಮಿಷ ಬಿಡದೆ ನಾದಿ, ಎರಡರಷ್ಟು ಉಬ್ಬುವವರೆಗೆ ಮುಚ್ಚಿಟ್ಟು, ಅರ್ಧ ಅಂಗುಲ ದಪ್ಪಕ್ಕೆ ಲಟ್ಟಿಸಿ ಕತ್ತರಿಸಿ, ಮತ್ತೆ ಅರ್ಧ ಗಂಟೆ ಉಬ್ಬಲು ಬಿಟ್ಟು, ೧೭೫ರಿಂದ ೧೮೦ ಡಿಗ್ರಿ ಸೆಂಟಿಗ್ರೇಡಿನ ಎಣ್ಣೆಯಲ್ಲಿ ಒಂದೊಂದು ಮಗ್ಗುಲಿಗೂ ಸುಮಾರು ಒಂದು ನಿಮಿಷ ಕರಿಯುವುದು. ಎಣ್ಣೆ ಸಾಕಷ್ಟು ಕಾಯದಿದ್ದರೆ ಡೋನಟ್ಟು ಎಣ್ಣೆ ಕುಡಿಯುವುದು. ಎಣ್ಣೆ ಕುಡಿದ ಮೈಗೆ ಯಾವ ಲೇಪವೂ ಹತ್ತದು. ಲೇಪ ಜಾರಿತೆಂದು ಸಕ್ಕರೆಯನ್ನು ದೂರುವವರು ಮೊದಲು ಬಾಣಲೆಯನ್ನು ವಿಚಾರಿಸಬೇಕು.

ಅದ್ದುವುದಕ್ಕೆ ಮುಹೂರ್ತವುಂಟು. ಬಾಣಲೆಯಿಂದ ತೆಗೆದೊಡನೆ ಅದ್ದಿದರೆ ಲೇಪ ನೀರಾಗಿ ಹರಿಯುವುದು. ಪೂರ್ತಿ ತಣಿದ ಮೇಲೆ ಅದ್ದಿದರೆ ದಪ್ಪಗೆ, ಬಿಳಿಯ ಟೊಪ್ಪಿಗೆಯಂತೆ ಕುಳಿತು ಆಮೇಲೆ ಬಿರಿಯುವುದು. ಕಾಗದದ ಮೇಲೆ ಎಣ್ಣೆ ಬಸಿದು ಎರಡು ಮೂರು ನಿಮಿಷವಾಗಿ, ಕೈಯಲ್ಲಿ ಹಿಡಿಯಬಹುದಾದಷ್ಟು ಬಿಸಿಯಿರುವಾಗ ಒಂದು ಮುಖವನ್ನು ಲೇಪದಲ್ಲಿ ಮುಳುಗಿಸಿ, ಕೊಂಚ ತಿರುಗಿಸಿ ಎತ್ತಿ, ಹೆಚ್ಚಿನದು ತೊಟ್ಟಿಕ್ಕಿದ ಮೇಲೆ ಲೇಪದ ಮುಖ ಮೇಲಾಗುವಂತೆ ತಂತಿಯ ಜಾಲರಿಯ ಮೇಲಿಡಬೇಕು. ತಟ್ಟೆಯ ಮೇಲಿಟ್ಟರೆ ಅಡಿಯ ಭಾಗ ಬೆವರಿ ಮೆತ್ತಗಾಗುವುದು. ಲೇಪದ ಪಾತ್ರೆಯನ್ನು ಬಿಸಿನೀರಿನ ಬೋಗುಣಿಯಲ್ಲಿ ಕೂರಿಸಿಕೊಂಡರೆ ಕೊನೆಯ ಡೋನಟ್ಟಿನವರೆಗೆ ಗಟ್ಟಿಯಾಗದು. ಹತ್ತು ಹದಿನೈದು ನಿಮಿಷದಲ್ಲಿ ಚಿಪ್ಪು ಕಟ್ಟುವುದು. ಅಷ್ಟು ಹೊತ್ತು ಮಕ್ಕಳನ್ನು ತಡೆದು ನಿಲ್ಲಿಸುವ ಉಪಾಯವನ್ನು ಬಲ್ಲವರು ದಯವಿಟ್ಟು ಪತ್ರಿಕೆಗೆ ಬರೆಯಬೇಕು.

ಮಳೆಗಾಲದಲ್ಲಿ, ಅದರಲ್ಲಿಯೂ ಮಲೆನಾಡು ಕರಾವಳಿಗಳಲ್ಲಿ, ಲೇಪ ಆರದೆ ಅಂಟಂಟಾಗಿಯೇ ಉಳಿಯಿತೆಂಬ ದೂರು ಸಹಜ. ಗಾಳಿಯ ತೇವವು ನೂರಕ್ಕೆ ಎಂಬತ್ತೈದರ ಸಮೀಪಕ್ಕೆ ಬಂದಿತೆಂದರೆ ಸಕ್ಕರೆ ತಾನೇ ನೀರನ್ನು ಎಳೆದುಕೊಳ್ಳುವುದು. ಯಾವ ಕುಶಲತೆಯೂ ಅದನ್ನು ತಡೆಯಲಾರದು. ಆ ದಿನಗಳಲ್ಲಿ ಹಾಲನ್ನು ಮೂರು ಚಮಚಕ್ಕೇ ನಿಲ್ಲಿಸಿ, ಜೇನುತುಪ್ಪ ಮೊದಲಾದ ತೇವಪ್ರಿಯ ಪದಾರ್ಥಗಳನ್ನು ಸೇರಿಸದೆ, ಬೇಕಾದಷ್ಟನ್ನೇ ಮಾಡಿ ಕೂಡಲೇ ತಿಂದು ಮುಗಿಸುವುದು. ಶೀತಪೆಟ್ಟಿಗೆಯಲ್ಲಿ ಇಡುವುದಂತೂ ಕೂಡದು. ಅಲ್ಲಿ ರೊಟ್ಟಿ ಬೇಗ ಬಿರುಸಾಗುವುದು, ಹೊರಗೆ ತೆಗೆದೊಡನೆ ಲೇಪದ ಮೇಲೆ ಬೆವರು ಕಟ್ಟುವುದು.

ಉಳಿದ ಲೇಪವನ್ನು ಮಾತ್ರ ಮುಚ್ಚಳದ ಪಾತ್ರೆಯಲ್ಲಿ ಹಾಕಿ ಶೀತಪೆಟ್ಟಿಗೆಯಲ್ಲಿ ಎರಡು ಮೂರು ದಿನ ಇಡಬಹುದು. ಬೇಕಾದಾಗ ಒಂದು ಸಣ್ಣ ಚಮಚ ಬಿಸಿ ಹಾಲು ಹಾಕಿ ಕದಡಿದರೆ ಮೊದಲಿನ ಹದಕ್ಕೆ ಬರುವುದು. ಹಾಲಿನಲ್ಲಿ ಕಾಯಿಸಿದ ವೆನಿಲಾ ಸಿಪ್ಪೆಯನ್ನು ಎಸೆಯಬೇಡಿರಿ. ತೊಳೆದು, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ ಸಕ್ಕರೆಯ ಡಬ್ಬಿಯಲ್ಲಿ ಹೂತಿಟ್ಟರೆ, ಹದಿನೈದು ದಿನ ಕಳೆಯುವಷ್ಟರಲ್ಲಿ ಡಬ್ಬಿಯ ಸಕ್ಕರೆಯೆಲ್ಲ ಪರಿಮಳಗೊಂಡು ಮುಂದಿನ ಸಲದ ಲೇಪಕ್ಕೆ ಸಿದ್ಧವಾಗಿರುವುದು. ಕತ್ತರಿಸುವಾಗ ನಡುವಿನಿಂದ ಬಂದ ಗುಂಡುಗಳನ್ನೂ ಕರಿದು ಅದೇ ಲೇಪದಲ್ಲಿ ಹೊರಳಿಸಿದರೆ ಚಿಕ್ಕವರಿಗಾಯಿತು.